ಹದಿನೇಳು ತಾಸಿನ ನಿದ್ದೆ

ಬರಬೇಕಾದ ಹೊತ್ತಿಗೆ ಬಾರದ ನಿದ್ದೆಯನ್ನು ಬರಿಸಿಕೊಳ್ಳಲು ಮನುಷ್ಯ ನುಂಗುವ, ಕುಡಿಯುವ, ತಲೆಗೆ ತಟ್ಟಿಕೊಳ್ಳುವ ಅಥವಾ ಕುತ್ತಿಗೆಗೆ ಸುತ್ತಿಕೊಳ್ಳುವ ಯಾವುದೇ ವಸ್ತುವನ್ನು ನಿದ್ರಾಸಾಧನ ಎಂದು ಕರೆಯಬಹುದು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಪ್ರಯಾಣಿಕರಿಗೆ ಇಂಥ ವಸ್ತುವಿನ ಅಗತ್ಯ ಬಿದ್ದದ್ದು ತೀರ ಈಚೆಗೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಎದುರಿನ ಸೀಟಿನ ಕಂಬಿಗೆ ಹಣೆಯಿಟ್ಟು ಗೊರಕೆ ಹೊಡೆಯಬಲ್ಲ, ಪಂಚಗಂಗಾ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಮಲಗಿ, ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಕಲೇಶಪುರದ ಅಷ್ಟೂ ಸುರಂಗಗಳನ್ನು ಅರಿವಿಲ್ಲದೆ ದಾಟಬಲ್ಲ ಈ ಜನಕ್ಕೆ ಪ್ರಯಾಣದಲ್ಲಿ ನಿದ್ದೆಯೆಂಬುದು ಟಿಕೆಟ್ಟಿನ ಜೊತೆಗೇ ಸಿಗುವ ಸೌಲಭ್ಯವಾಗಿತ್ತು. ಅದು ಕೈಕೊಡಲು ಆರಂಭಿಸಿದ್ದು ಮಕ್ಕಳು ಅಮೆರಿಕದಲ್ಲಿ ಮನೆ ಮಾಡಿದ ಮೇಲೆ.

ವಿಮಾನಯಾನವೇನೂ ಈ ಕರಾವಳಿಗೆ ಹೊಸದಲ್ಲ. ಭಟ್ಕಳದ ನವಾಯತ ಮನೆಗಳವರು ದಶಕಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗಿಬರುತ್ತಲೇ ಇದ್ದಾರೆ. ಆದರೆ ಮಂಗಳೂರಿನಿಂದ ದುಬೈಗೆ ಹಾರುವುದು ಹೆಚ್ಚೆಂದರೆ ನಾಲ್ಕು ತಾಸು, ಎರಡು ಊರುಗಳ ಗಡಿಯಾರಗಳ ವ್ಯತ್ಯಾಸ ಒಂದೂವರೆ ತಾಸು. ಭಟ್ಕಳದಿಂದ ಬಜ್ಪೆಯ ನಿಲ್ದಾಣ ಮುಟ್ಟಿ, ಅಲ್ಲಿ ಸರತಿಯ ಸಾಲುಗಳನ್ನು ಮುಗಿಸುವ ಹೊತ್ತಿನಲ್ಲಿ ವಿಮಾನ ಅರಬ್ಬೀ ಸಮುದ್ರವನ್ನು ದಾಟಿಯೇ ಬಿಡುತ್ತದೆ. ಪಕ್ಕದ ಸೀಟಿನವರು ಯಾರ ಮನೆಯವರು, ಅವರ ಚಿಕ್ಕಪ್ಪ ಯಾವ ಅಂಗಡಿಯವರು ಎಂಬ ವಿಚಾರಣೆ ಮುಗಿದು, ಇಬ್ಬರೂ ಹೇಗೋ ಬೀಗರೇ ಎಂದು ಖಚಿತವಾಗುವಷ್ಟರಲ್ಲಿ ಬೆಲ್ಟು ಕಟ್ಟಿಕೊಳ್ಳಿರೆಂಬ ಸೂಚನೆ ಬರುವುದರಿಂದ, ನಿದ್ದೆಯ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಪ್ರಶ್ನೆ ಏಳುವುದು ಮಗಳ ಬಾಣಂತನಕ್ಕೆಂದು ಕುಮಟೆಯಿಂದಲೋ ಹೊನ್ನಾವರದಿಂದಲೋ ಹೊರಡುವ ಆಯಿಗೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 2021ರ ಜನವರಿಯಲ್ಲಿ ಆರಂಭವಾದ ನೇರ ವಿಮಾನ ಸುಮಾರು 14,000 ಕಿಲೋಮೀಟರನ್ನು ಎಲ್ಲಿಯೂ ಇಳಿಯದೆ ಹಾರಲು ಹದಿನೇಳು ತಾಸಿನ ಆಸುಪಾಸು ತೆಗೆದುಕೊಳ್ಳುತ್ತಿತ್ತು, ನಡುವೆ ಇಳಿದು ಹೋಗುವ ದಾರಿಗಳಾದರೆ ಇನ್ನೂ ಉದ್ದ. ವೀಸಾ ಮುದ್ರೆ ಬಿದ್ದ ಸುದ್ದಿ ಕೇರಿಗೆ ತಲುಪಿದೊಡನೆ ‘ಅಷ್ಟು ಹೊತ್ತು ಕೂತೇ ಇರುವುದು ಹೇಗೆ’ ಎಂಬ ಕಳಕಳಿ ಹುಟ್ಟುತ್ತದೆ, ಕಳಕಳಿಯ ಬೆನ್ನಿಗೆ ಸಲಹೆ ಬರುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಸಲಹೆ ಕೊಡುವವರು ವಿಮಾನ ಹತ್ತಿರಬೇಕೆಂಬ ನಿಯಮವೇನೂ ಇಲ್ಲ.

ಮೊದಲ ಸಲಹೆ ಹಿರಿಯರದು, ಅದು ಜಾಯಿಕಾಯಿ. ಉತ್ತರ ಕನ್ನಡದ ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ನಿಂತಿರುವ ಈ ಮರದ ಬೀಜವನ್ನು ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು ಬಿಸಿಹಾಲಿಗೆ ಬೆರೆಸಿ ಕುಡಿದರೆ ನಿದ್ದೆ ಬರುತ್ತದೆಂಬುದು ಮನೆಮದ್ದಿನ ಹಳೆಯ ನಂಬಿಕೆ. ಚಿಟಿಕೆಯ ಮಟ್ಟದಲ್ಲಿ ಈ ನಂಬಿಕೆ ಯಾರಿಗೂ ತೊಂದರೆ ಕೊಟ್ಟಿಲ್ಲ. ಆದರೆ ಇದೇ ಬೀಜದಲ್ಲಿರುವ ಮಿರಿಸ್ಟಿಸಿನ್ ಎಂಬ ರಾಸಾಯನಿಕ ಹೆಚ್ಚು ಪ್ರಮಾಣದಲ್ಲಿ ಹೊಟ್ಟೆ ಸೇರಿದರೆ ಎದೆ ಬಡಿತ ಏರಿ, ಬಾಯಿ ಒಣಗಿ, ಇಲ್ಲದ್ದೆಲ್ಲ ಕಣ್ಣಿಗೆ ಕಾಣತೊಡಗುತ್ತದೆ. ಚೂರಿಗೆ ಬಾರದ ನಿದ್ದೆ ಇಡೀ ಕಾಯಿಗೆ ಬಂದೀತೆಂಬ ತರ್ಕವನ್ನು ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಪರೀಕ್ಷಿಸಿದವರಿಗೆ ಕಿಟಕಿಯಾಚೆ ಇಡಗುಂಜಿಯ ತೇರೇ ಕಾಣಿಸಿಕೊಂಡರೂ ಆಶ್ಚರ್ಯಪಡಬೇಕಾಗಿಲ್ಲ. ಸೌದಿ ಅರೇಬಿಯಾ ಜಾಯಿಕಾಯಿಯನ್ನು ಇಡಿಯಾಗಿಯೂ ಪುಡಿಯಾಗಿಯೂ ದೇಶದೊಳಕ್ಕೆ ಬಿಡದಿರುವುದು ಈ ಗುಣದಿಂದಾಗಿಯೇ.

ಗಸಗಸೆಯದು ಇನ್ನೂ ಗಂಭೀರವಾದ ಕಥೆ. ಗಸಗಸೆ ಪಾಯಸ ಉಂಡ ಮಧ್ಯಾಹ್ನದ ನಿದ್ದೆಯ ಕೀರ್ತಿ ಕರ್ನಾಟಕದುದ್ದಕ್ಕೂ ಹಬ್ಬಿದೆ, ಅದೇ ಎಲೆಯಲ್ಲಿ ಪಾಯಸಕ್ಕಿಂತ ಮೊದಲು ಸಂದ ಹೋಳಿಗೆ, ತುಪ್ಪ ಮತ್ತು ಮೂರು ಸಲ ಬಡಿಸಿದ ಅನ್ನಕ್ಕೆ ಸಲ್ಲಬೇಕಾದ ಪಾಲನ್ನು ಮಾತ್ರ ಯಾರೂ ಲೆಕ್ಕ ಹಾಕಿಲ್ಲ. ಅಫೀಮು ಬರುವುದು ಈ ಗಿಡದ ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಿಂದ. ಬೀಜದಲ್ಲಿ ಉಳಿಯುವುದು ಮಾರ್ಫಿನ್, ಕೊಡೀನ್‌ಗಳ ಲೇಶ ಮಾತ್ರ. ಆ ಲೇಶವೇ ಸಾಕೆಂದು ಸಂಯುಕ್ತ ಅರಬ್ ಸಂಸ್ಥಾನ ಗಸಗಸೆಯನ್ನು ಮಾದಕವಸ್ತುಗಳ ಸಾಲಿಗೆ ಸೇರಿಸಿ ನಿಷೇಧಿಸಿದೆ, ತಂದವರು ಜೈಲು ಕಾಣಬೇಕಾದೀತು. ಈ ವಿಷಯದಲ್ಲಿ ಕೊಲ್ಲಿಗೆ ಹೋಗಿಬರುವ ಭಟ್ಕಳದ ಮನೆಗಳ ಅನುಭವ ದೊಡ್ಡದು. ಕುಮಟೆಯವರು ದುಬೈ ಮೂಲಕ ಅಮೆರಿಕಕ್ಕೆ ಟಿಕೆಟ್ ಮಾಡಿಸುವ ಮೊದಲು ಭಟ್ಕಳದಲ್ಲಿ ಒಂದು ಮಾತು ವಿಚಾರಿಸಿದರೆ, ಸಾಂಬಾರು ಪುಡಿಯ ಡಬ್ಬಿಯಿಂದ ಹಿಡಿದು ಕವಳದ ಸಂಚಿಯವರೆಗೆ ಏನೇನು ಮನೆಯಲ್ಲೇ ಬಿಡಬೇಕೆಂಬುದು ಟ್ರಾವೆಲ್ ಏಜೆಂಟರಿಗಿಂತ ಸ್ಪಷ್ಟವಾಗಿ ತಿಳಿಯುತ್ತದೆ.

ಎರಡನೆಯ ಸಲಹೆ ಬಸ್ಸಿನ ಅನುಭವಿಗಳದು, ಅದು ಅವೊಮಿನ್. ಘಟ್ಟ ಹತ್ತುವಾಗ ವಾಂತಿಯಾಗದಿರಲೆಂದು ಹೊರಡುವ ಮುನ್ನ ನುಂಗುವ ಈ ಮಾತ್ರೆ ಪ್ರೊಮೆಥಜೀನ್ ಎಂಬ ಔಷಧಿಯ ಒಂದು ರೂಪ, ಔಷಧಶಾಸ್ತ್ರದಲ್ಲಿ ಇದು ಆಂಟಿಹಿಸ್ಟಮಿನ್‌ಗಳ ಗುಂಪಿಗೆ ಸೇರುತ್ತದೆ. ಹಿಸ್ಟಮಿನ್ ಎಂಬ ಅಂಶ ಮೈಯಲ್ಲಿ ತುರಿಕೆ, ನೆಗಡಿಗಳಿಗೆ ಕಾರಣವಾದರೂ ಮಿದುಳಿನಲ್ಲಿ ಎಚ್ಚರವನ್ನು ಕಾಯುವ ಕೆಲಸ ಮಾಡುತ್ತದೆ. ಅದನ್ನು ತಡೆಯುವ ಹಳೆಯ ತಲೆಮಾರಿನ ಔಷಧಿಗಳು ಮಿದುಳಿನೊಳಕ್ಕೂ ನುಗ್ಗುವುದರಿಂದ ಕಾವಲುಗಾರನೇ ಮಲಗಿಬಿಡುತ್ತಾನೆ. ಕುಮಟೆಯಲ್ಲಿ ಅವೊಮಿನ್ ನುಂಗಿ, ಶಿರಸಿಯಲ್ಲಿ ಇಳಿಯಬೇಕಾದವರು ಹುಬ್ಬಳ್ಳಿಯಲ್ಲಿ ಕಣ್ಣುಬಿಟ್ಟು ಕಂಡಕ್ಟರನೊಂದಿಗೆ ವಾದಕ್ಕೆ ನಿಲ್ಲುವುದರ ಹಿಂದಿನ ವಿಜ್ಞಾನ ಇಷ್ಟೇ. ವಿಮಾನದಲ್ಲಿ ಊರು ದಾಟಿಹೋಗುವ ಭಯವಿಲ್ಲ, ನಿಜ. ಆದರೆ ಅರವತ್ತೈದು ದಾಟಿದವರಲ್ಲಿ ಈ ಜಾತಿಯ ಔಷಧಿಗಳು ಗೊಂದಲ, ಬಾಯಿ ಒಣಗುವಿಕೆ, ಮೂತ್ರ ಕಟ್ಟುವಿಕೆಗಳನ್ನು ತರಬಲ್ಲವೆಂದು ವೃದ್ಧಾಪ್ಯದ ತಜ್ಞರು ಅವನ್ನು ಆದಷ್ಟು ದೂರವಿಡಲು ಹೇಳುತ್ತಾರೆ. ವಿಮಾನದೊಳಗಿನ ಗಾಳಿಯ ತೇವವಾದರೂ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಡಬ್ಬಿಯಲ್ಲಿಟ್ಟ ಹಪ್ಪಳವೂ ಮೆತ್ತಗಾಗುವ ಜುಲೈ ತಿಂಗಳಲ್ಲಿ ಮನೆಯಿಂದ ಹೊರಟ ಗಂಟಲಿಗೆ ಅಲ್ಲಿ ಇನ್ನಷ್ಟು ಒಣಗಿಸುವ ಮಾತ್ರೆ ಬೇಕಾಗಿರುವುದಿಲ್ಲ.

ಮೂರನೆಯದು ಪಕ್ಕದ ಮನೆಯವರು ಪ್ರೀತಿಯಿಂದ ಕತ್ತರಿಸಿ ಕೊಡುವ ಅರ್ಧ ಸ್ಟ್ರಿಪ್. ಆಲ್ಪ್ರಜೋಲಮ್, ಜೋಲ್ಪಿಡೆಮ್ ಮೊದಲಾದ ನಿಜವಾದ ನಿದ್ದೆಮಾತ್ರೆಗಳನ್ನು ಭಾರತ ಸರ್ಕಾರ 2014ರಿಂದ ಶೆಡ್ಯೂಲ್ ಎಚ್-1 ಎಂಬ ಪಟ್ಟಿಯಲ್ಲಿ ಇರಿಸಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಪಕ್ಕದ ಮನೆಯವರು ಮಾತ್ರ ಯಾವ ಪುಸ್ತಕವನ್ನೂ ಇಡುವುದಿಲ್ಲ. ಇಂಥ ಮಾತ್ರೆಯಿಂದ ನಿದ್ದೆ ಖಂಡಿತ ಬರುತ್ತದೆ, ತೊಂದರೆ ಇರುವುದೂ ಅಲ್ಲಿಯೇ. ಕಾಲು ಚಾಚಲಾಗದ ಸೀಟಿನಲ್ಲಿ ಮೊಣಕಾಲು ಮಡಚಿ ಏಳೆಂಟು ತಾಸು ಕದಲದೆ ಬಿದ್ದಿದ್ದರೆ ಕಾಲಿನ ಒಳರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಹೆಪ್ಪು ಅಲ್ಲಿಂದ ಕಳಚಿ ಶ್ವಾಸಕೋಶಕ್ಕೆ ಏರಿದರೆ ಜೀವಕ್ಕೇ ಅಪಾಯ. ಆಗಾಗ ಎದ್ದು ನಡೆದಾಡಿ ಎಂದು ವೈದ್ಯರು ಹೇಳುವುದು ಇದಕ್ಕಾಗಿ. ಎದ್ದು ನಡೆದಾಡಬೇಕಾದವರಿಗೆ ಏಳಲಾಗದ ಮಾತ್ರೆ ಕೊಡುವುದು ಔದಾರ್ಯವಾದರೂ ವೈದ್ಯವಲ್ಲ. ನಡುವಿನ ಸೀಟಿನವರು ಹೀಗೆ ಮಲಗಿಬಿಟ್ಟಾಗ ಕಿಟಕಿಯ ಪಕ್ಕದ ಪ್ರಯಾಣಿಕರು ಶೌಚಾಲಯಕ್ಕೆ ಹೋಗಬೇಕಾಗಿ ಬಂದರೆ ಏನಾಗುತ್ತದೆಂಬುದು ಪ್ರತ್ಯೇಕ ಅಧ್ಯಾಯಕ್ಕೆ ಅರ್ಹವಾದ ವಿಷಯ.

ಕುತ್ತಿಗೆದಿಂಬಿನ ಬಗ್ಗೆ ಹೆಚ್ಚು ಬರೆಯುವಂಥದೇನಿಲ್ಲ. ವಿಮಾನ ನಿಲ್ದಾಣದಲ್ಲಿ ದುಬಾರಿ ಬೆಲೆಗೆ ಕೊಳ್ಳಲಾಗುವ ಅದು ಬಹುಪಾಲು ಮನೆಗಳಲ್ಲಿ ಮುಂದೆ ಟಿವಿಯ ಎದುರಿನ ಖುರ್ಚಿಗೆ ಸೇರುತ್ತದೆ.

ಅಮೆರಿಕಕ್ಕೆ ಹೋಗಿಬಂದವರ ಸಲಹೆ ಮೆಲಟೋನಿನ್. ಮಿದುಳಿನ ನಡುವಿರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿ ಕತ್ತಲಾದ ಮೇಲೆ ಸ್ರವಿಸುವ ಈ ಹಾರ್ಮೋನನ್ನು 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ಮತ್ತು ಸಂಗಡಿಗರು ದನಗಳ ಪೀನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದರು. ಇದು ಹೊಡೆದು ಮಲಗಿಸುವ ಮದ್ದಲ್ಲ, ಮೈಗೆ ರಾತ್ರಿಯಾಯಿತೆಂದು ತಿಳಿಸುವ ಸಂದೇಶ ಮಾತ್ರ. ಇಲ್ಲಿ ಏಳುವ ತೊಡಕು, ಯಾವ ಊರಿನ ರಾತ್ರಿ ಎಂಬುದು. ಬೇಸಿಗೆಯಲ್ಲಿ ಕುಮಟೆಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಹನ್ನೆರಡೂವರೆ ತಾಸಿನ ಅಂತರವಿದ್ದು, ಅಲ್ಲಿ ರಾತ್ರಿ ಒಂಬತ್ತಾದಾಗ ಇಲ್ಲಿ ದೋಸೆಯ ಹಂಚು ಇನ್ನೂ ಒಲೆಯ ಮೇಲಿರುವ ಬೆಳಗಿನ ಒಂಬತ್ತೂವರೆ. ಮೈಯೊಳಗಿನ ಗಡಿಯಾರ ಹೊಸ ಊರಿಗೆ ಹೊಂದಿಕೊಳ್ಳುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ತಾಸಿನಂತೆ. 2002ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವರದಿ ಮೆಲಟೋನಿನ್ನಿಂದ ಪ್ರಯೋಜನವಿದೆ ಎಂದಿತಾದರೂ, ಅದನ್ನು ಸೇವಿಸಬೇಕಾದದ್ದು ಇಳಿದ ಊರಿನ ಮಲಗುವ ಹೊತ್ತಿಗೆ, ಅಕಾಲದಲ್ಲಿ ತೆಗೆದುಕೊಂಡರೆ ಹೊಂದಾಣಿಕೆ ಇನ್ನಷ್ಟು ತಡವಾಗುತ್ತದೆ ಎಂದು ಎಚ್ಚರಿಸಿತು. ವಿಮಾನ ಏರಿದ ಕೂಡಲೇ ಗುಳಿಗೆ ಬಾಯಿಗೆ ಹಾಕಿಕೊಳ್ಳುವವರು ತಮ್ಮ ಪೀನಿಯಲ್ ಗ್ರಂಥಿಗೆ ಯಾವುದೋ ಸಾಗರದ ಮೇಲಿನ ಸಮಯವನ್ನು ತಿಳಿಸುತ್ತಿರುತ್ತಾರೆ. ಹೊನ್ನಾವರದ ಬಂದರಿನಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಇಳಿದಿದ್ದ ಪ್ರವಾಸಿ ಇಬ್ನ್ ಬತೂತನಿಗೆ ಈ ಬಾಧೆ ತಟ್ಟುವ ಸಂಭವವೇ ಇರಲಿಲ್ಲ, ಹಾಯಿಹಡಗಿನ ವೇಗಕ್ಕೆ ಮೈಯ ಗಡಿಯಾರ ಸಲೀಸಾಗಿ ಜೊತೆಗೂಡುತ್ತದೆ.

ಇಷ್ಟೆಲ್ಲ ಸಲಹೆಗಳ ನಡುವೆ ಈ ಸೀಮೆಯ ಸ್ವಂತ ವಿದ್ಯೆಯೊಂದು ಮರೆತುಹೋಗುತ್ತಿರುವುದು ವಿಷಾದಕರ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಂಥ ಯಕ್ಷಗಾನ ಮೇಳಗಳ ರಾತ್ರಿಯಿಡೀ ನಡೆಯುತ್ತಿದ್ದ ಬಯಲಾಟಗಳು ಪ್ರೇಕ್ಷಕರಿಗೆ ಕಲಿಸಿದ್ದು ಪುರಾಣವನ್ನಷ್ಟೇ ಅಲ್ಲ. ಚಾಪೆ ಹಿಡಿದು ಬಂದು ಕೂತವರು ಒಡ್ಡೋಲಗವನ್ನು ನೋಡಿ, ಸಂವಾದ ಉದ್ದವಾದಾಗ ಕಂಬಳಿ ಹೊದ್ದು ಅಡ್ಡಾಗಿ, ಚಂಡೆಯ ಪೆಟ್ಟಿಗೆ ಅಳುಕದೆ ನಿದ್ದೆ ಮಾಡಿ, ತಮಗೆ ಬೇಕಾದ ವೇಷ ರಂಗಕ್ಕೆ ಬರುವ ಸರಿಯಾದ ಗಳಿಗೆಗೆ ಎದ್ದು ಕೂರುತ್ತಿದ್ದರು. ಬೆಳಿಗ್ಗೆ ಮನೆಗೆ ಮರಳುವಾಗ ಎಷ್ಟು ನಿದ್ದೆಯಾಯಿತೆಂದು ಅವರು ಲೆಕ್ಕವಿಡುತ್ತಿರಲಿಲ್ಲ, ನಿದ್ದೆಗೆಟ್ಟಿತೆಂದು ಕೊರಗುತ್ತಲೂ ಇರಲಿಲ್ಲ. ವಿಮಾನದ ಹದಿನೇಳು ತಾಸಿಗೆ ಬೇಕಾದ ಮನೋಧರ್ಮ ಇದೇ. ಊಟದ ತಳ್ಳುಗಾಡಿ ಬಂದಾಗ ಎದ್ದು, ತಿಂದು, ನಾಲ್ಕು ಹೆಜ್ಜೆ ನಡೆದು, ನೀರು ಕುಡಿದು, ಎದುರಿನ ಪರದೆಯಲ್ಲಿ ಓಡುವ ಸಿನಿಮಾ ರಾವಣನ ಪೀಠಿಕೆಯಂತೆ ಲಂಬಿಸಿದಾಗ ಮತ್ತೆ ಕಣ್ಣುಮುಚ್ಚುವವರಿಗೆ ತುಂಡುತುಂಡಾಗಿಯಾದರೂ ಮೂರು ನಾಲ್ಕು ತಾಸು ನಿದ್ದೆ ದಕ್ಕುತ್ತದೆ. ನಿದ್ದೆ ಬರಲೇಬೇಕೆಂದು ಹಟ ಹಿಡಿದಷ್ಟೂ ಅದು ದೂರ ಸರಿಯುತ್ತದೆಂಬುದನ್ನು ನಿದ್ರಾತಜ್ಞರೂ ಒಪ್ಪುತ್ತಾರೆ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಿದ್ದೆ ಬಾರದವರಿಗೆ ಎಚ್ಚರವಾಗಿರಲು ಪ್ರಯತ್ನಿಸಿರೆಂದೇ ಹೇಳುತ್ತಿದ್ದರು. ಅವರು ಬಯಲಾಟ ನೋಡದೆಯೇ ಈ ತೀರ್ಮಾನಕ್ಕೆ ಬಂದದ್ದು ಮೆಚ್ಚತಕ್ಕದ್ದು.

ಬಾಣಂತನಕ್ಕೆ ಹೊರಟವರ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಹುಟ್ಟಿದ ಮಗುವಿನ ಮೈಗಡಿಯಾರ ಹಗಲುರಾತ್ರಿಗಳ ಭೇದವನ್ನು ಕಲಿಯಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಮಧ್ಯರಾತ್ರಿ ಎರಡಕ್ಕೆ ಎದ್ದು ಅಳುವುದು ಅದರ ಸಹಜಧರ್ಮ. ಕುಮಟೆಯಿಂದ ಬಂದಿಳಿದ ಅಜ್ಜಿಗೆ ಅದೇ ಮಧ್ಯರಾತ್ರಿ ಎರಡು ಗಂಟೆ ಊರಿನ ಮಧ್ಯಾಹ್ನದ ಎರಡೂವರೆ. ಮೊದಲ ಎರಡು ವಾರ ಆ ಮನೆಯಲ್ಲಿ ಮಗುವಿನ ಹೊತ್ತಿಗೆ ಸರಿಯಾಗಿ ಎಚ್ಚರವಿರುವ ಏಕೈಕ ವ್ಯಕ್ತಿ ಆಯಿಯೇ ಆಗಿರುವಾಗ, ಗಡಿಯಾರ ತಿದ್ದಿಕೊಳ್ಳಲೆಂದು ಅವರಿಗೆ ಗುಳಿಗೆ ಕೊಡುವುದು ಮನೆಯ ವ್ಯವಸ್ಥೆಯನ್ನೇ ಕೆಡಿಸಿದಂತೆ. ಇದನ್ನು ಅಳಿಯ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಳ್ಳುತ್ತಾನೆ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ.

ಆ ಗುಳಿಗೆಗಳು ಹಾಗೆಯೇ ಉಳಿದು, ಆರು ತಿಂಗಳ ಬಳಿಕ ಬಾದಾಮಿ, ಚಾಕಲೇಟುಗಳ ಜೊತೆ ಊರಿಗೆ ಬರುತ್ತವೆ. ಅಮೆರಿಕದಲ್ಲಿ ಮೆಲಟೋನಿನ್ ವೈದ್ಯರ ಚೀಟಿಯ ಅಗತ್ಯವಿಲ್ಲದೆ, ಹಣ್ಣಿನ ರುಚಿಯ ಮೆತ್ತನೆಯ ಪೆಪ್ಪರಮಿಂಟಿನ ರೂಪದಲ್ಲಿಯೂ ದೊಡ್ಡ ಡಬ್ಬಿಗಳಲ್ಲಿ ಸಿಗುತ್ತದೆ. ಮೊಮ್ಮಕ್ಕಳ ಕೈಗೆ ಸಿಗಬಾರದೆಂದು ಅಡುಗೆಮನೆಯ ಮೇಲಿನ ಅಟ್ಟಣಿಗೆಯಲ್ಲಿ ಇಟ್ಟ ಅಂಥ ಡಬ್ಬಿಯ ಮುಚ್ಚಳವನ್ನು ಕುಮಟೆಯ ಕಟ್ಟಿರುವೆಗಳು ಎಂಟೇ ದಿನದಲ್ಲಿ ಭೇದಿಸುತ್ತವೆ. ಅದನ್ನು ತಿಂದ ಇರುವೆಗಳ ಚಟುವಟಿಕೆಯಲ್ಲಿ ಹಗಲಾಗಲಿ ರಾತ್ರಿಯಾಗಲಿ ಯಾವ ಇಳಿಕೆಯೂ ಕಂಡುಬಂದಿಲ್ಲ.