ಟಾಪಿಲ್ಲದ ಕಾರಿನ ನಾದಯೋಗ

ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಕಾರಿನ ಅನ್ನ ಉಣ್ಣುವವರು ಬಹಳ. ಒಬ್ಬರು ಬ್ರೇಕಿಗೆ ಸಾಫ್ಟ್‌ವೇರ್ ಬರೆದರೆ ಇನ್ನೊಬ್ಬರು ಏರ್‌ಬ್ಯಾಗು ಯಾವ ಗಳಿಗೆಯಲ್ಲಿ ಉಬ್ಬಬೇಕೆಂದು ಲೆಕ್ಕ ಹಾಕುತ್ತಾರೆ. ಆದರೆ ಬಾನೆಟ್ ಎತ್ತಿ ಕೈ ಮಸಿ ಮಾಡಿಕೊಂಡವರು ಅಪರೂಪ. ಎಂಜಿನ್ನಿನ ಹೊಟ್ಟೆಯೊಳಗಿನ ಗುಟ್ಟನ್ನೆಲ್ಲ ಸ್ಪ್ರೆಡ್‌ಶೀಟಿನಲ್ಲಿ ಬಲ್ಲ ಇವರು ವೈಪರ್ ಬ್ಲೇಡ್ ಬದಲಿಸಬೇಕೆಂದರೆ ಅಂಗಡಿಯ ದಾರಿ ಹಿಡಿಯುತ್ತಾರೆ. ನೋವಿ ಎಂಬ ಉಪನಗರದ ನಮ್ಮ ರಾಯರೂ ಐವತ್ತು ತುಂಬುವವರೆಗೆ ಇದೇ ಪಂಗಡದವರು.

ಐವತ್ತು ತುಂಬಿದ ಮೇಲೆ ಕೆಲವರು ಮ್ಯಾರಥಾನ್ ಓಡುತ್ತಾರೆ, ಕೆಲವರು ಕೊಳಲು ಕಲಿಯುತ್ತಾರೆ. ರಾಯರು 1991ರ ಮಜ್ದಾ ಮಿಯಾಟ ಕೊಂಡರು.

1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಮುಖ ತೋರಿಸಿದ, ಹಿರೋಶಿಮಾದಲ್ಲಿ ತಯಾರಾದ ಕಾರು ಅದು. ಅಮೆರಿಕದಲ್ಲಿ ಆರಂಭದ ಬೆಲೆ 13,800 ಡಾಲರ್. 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ, ಒಂದು ಟನ್ನಿನ ಆಸುಪಾಸು ತೂಕ, ಗುಂಡಿ ಒತ್ತಿದರೆ ರೆಪ್ಪೆ ತೆರೆದಂತೆ ಮೇಲೇಳುವ ಹೆಡ್‌ಲೈಟು. ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಚಿದರೆ ತಲೆಯ ಮೇಲೆ ಆಕಾಶ ಒಂದೇ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಮಿಯಾಟ ಕಾರ್ಖಾನೆಯಿಂದ ಹೊರಬಂತು. ಆ ಹತ್ತು ಲಕ್ಷದಲ್ಲಿ ಒಂದಕ್ಕೂ ಮೂರನೆಯ ಸೀಟಿಲ್ಲ. ರಾಯರ ಮನೆಯಲ್ಲಿ ಬೇಸಿಗೆಗೆ ಜನ ಐವರು: ರಾಯರು, ಮಡದಿ, ಹೈಸ್ಕೂಲಿನ ಮಗಳು, ಮತ್ತು ಹಾಸನದಿಂದ ಆರು ತಿಂಗಳ ಮಟ್ಟಿಗೆ ಬಂದಿಳಿದ ತಾತ-ಅಜ್ಜಿ.

“ಮಿನಿವ್ಯಾನ್ ಇರೋ ಮನೆಗೆ ಇದೇನ್ರೀ?” ಎಂದು ಮಡದಿ ಕೇಳಿದ್ದು ಒಂದೇ ಸಲ. ರಾಯರು ಉತ್ತರ ಕೊಡದೆ ಕಾರು ಒರೆಸತೊಡಗಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅದನ್ನೇ ಉತ್ತರ ಎಂದು ತಿಳಿಯುವ ವಿವೇಕ ಆಕೆಗೆ ಬಂದಿತ್ತು.

ಕಾರಿನಲ್ಲಿದ್ದದ್ದು ಹಳೆಯ ಕ್ಯಾಸೆಟ್ ಡೆಕ್ಕು. ಒಳಗಿನ ರಬ್ಬರ್ ಬೆಲ್ಟು ಸೋತು, ಹಾಡಿದವರೆಲ್ಲ ಜ್ವರ ಬಂದವರ ಹಾಗೆ ಎಳೆದೆಳೆದು ಹಾಡುತ್ತಿದ್ದರು. ತಾತನ ಸೂಟ್‌ಕೇಸಿನಲ್ಲಿ ಮೆಂತ್ಯದ ಹಿಟ್ಟಿನ ಪಕ್ಕದಲ್ಲಿ ಜೋಪಾನವಾಗಿ ಬಂದಿದ್ದ ‘ನಿತ್ಯೋತ್ಸವ’ಕ್ಕೂ ಅದೇ ಗತಿಯಾಯಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ 1978ರಲ್ಲಿ ಬಂದ ಕ್ಯಾಸೆಟ್ಟು ಅದು; ಕನ್ನಡ ಭಾವಗೀತೆ ಮನೆಮನೆಯ ಟೇಪ್ ರೆಕಾರ್ಡರ್ ಹೊಕ್ಕಿದ್ದೇ ಇಂಥ ಕ್ಯಾಸೆಟ್ಟುಗಳಿಂದ. “ಅನಂತಸ್ವಾಮಿಗೆ ಈ ಅವಸ್ಥೆ ಬರಬಾರದಿತ್ತು” ಎಂದು ತಾತ ಕಾರಿನಿಂದ ಇಳಿದರು. ಹೊಸ ಸಿಸ್ಟಮ್ ಹಾಕಿಸುವ ನಿರ್ಧಾರವಾದದ್ದು ಅವತ್ತೇ.

ಹಾಕಿಸುವುದಲ್ಲ, ಹಾಕುವುದು. ಇಲ್ಲಿ ಕೂಲಿ ಗಂಟೆಯ ಲೆಕ್ಕ, ಗಂಟೆಗೆ ನೂರು ಡಾಲರ್ ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ರಾಯರು ಅಮೆರಿಕದ ಪೌರತ್ವ ಪಡೆದು ವರ್ಷಗಳಾದರೂ ದೊಡ್ಡ ಮೊತ್ತ ಕಂಡಾಗ ಮನಸ್ಸು ತನ್ನಷ್ಟಕ್ಕೆ ರೂಪಾಯಿಗೆ ಗುಣಿಸಿಬಿಡುತ್ತದೆ. ಗುಣಿಸಿದ ಮೇಲೆ ಬಂದ ಅಂಕಿ ಅವರನ್ನು ನೇರವಾಗಿ ಗ್ಯಾರೇಜಿಗೆ ತಳ್ಳಿತು.

ಕಾರಿಗೆ ಹಾಡು ಕಟ್ಟುವ ಹುಚ್ಚು ಹೊಸದೇನಲ್ಲ. ಶಿಕಾಗೋದ ಗ್ಯಾಲ್ವಿನ್ ಸೋದರರು 1930ರಲ್ಲಿ ತಮ್ಮ ಕಾರ್ ರೇಡಿಯೋವನ್ನು ಅಟ್ಲಾಂಟಿಕ್ ಸಿಟಿಯ ಸಮ್ಮೇಳನಕ್ಕೆ ಒಯ್ದರು; ಮುಂದೆ ಅದೇ ಮೋಟೊರೋಲ ಆಯಿತು. ಅವರು ಸಾಲಕ್ಕಾಗಿ ಒಬ್ಬ ಬ್ಯಾಂಕಿನವನ ಪ್ಯಾಕಾರ್ಡ್ ಕಾರಿಗೆ ರೇಡಿಯೋ ಕೂರಿಸಿಕೊಟ್ಟರೆಂದೂ ಅರ್ಧ ಗಂಟೆಯಲ್ಲಿ ಆ ಕಾರಿಗೇ ಬೆಂಕಿ ಬಿತ್ತೆಂದೂ ಒಂದು ಕಥೆ ಹೇಳುತ್ತಾರೆ. ನಿಜವೋ ಕಟ್ಟುಕಥೆಯೋ, ಮಡದಿ ಅದನ್ನು ಎಲ್ಲಿಂದಲೋ ಓದಿ ತಂದರು. ಓದಿದ ದಿನವೇ ಗ್ಯಾರೇಜಿಗೆ ಬೆಂಕಿ ಆರಿಸುವ ಸಿಲಿಂಡರು ಬಂತು.

ಬಿಚ್ಚುವ ಕೆಲಸ ಭಾನುವಾರ ಬೆಳಗ್ಗೆ ಶುರು. ಈ ಕಾರಿನ ಡ್ಯಾಶ್‌ಬೋರ್ಡಿನ ನಡುವಿನ ಫಲಕಕ್ಕೆ ಮಿಯಾಟ ಭಕ್ತರು ಟೂಂಬ್‌ಸ್ಟೋನ್ ಎನ್ನುತ್ತಾರೆ. ಆಕಾರವೇ ಗೋರಿಯ ಕಲ್ಲಿನದು. ಅದನ್ನು ಕೀಳಬೇಕಾದರೆ ಮೊದಲು ಕಣ್ಣುಗುಡ್ಡೆಯಂಥ ಎರಡು ಗಾಳಿಕಿಂಡಿಗಳನ್ನು ಕೀಳಬೇಕು. ಮೂವತ್ತು ವರ್ಷ ಬಿಸಿಲು ಕಂಡ ಪ್ಲಾಸ್ಟಿಕ್ಕು ಅದು, ಚಟ್ ಎಂದರೆ ಹೋಯಿತು. ಅಜ್ಜಿ ಬಾಗಿಲಲ್ಲಿ ನಿಂತು, “ಚೆನ್ನಾಗಿ ಓಡ್ತಾ ಇದ್ದ ಕಾರಿನ ಕಣ್ಣು ಕಿತ್ತನಲ್ಲೋ!” ಎಂದು ಮರುಗಿದರು.

ಒಳಗೆ ವೈರುಗಳ ಕಾಡು. ಒಂದು ಸಮಾಧಾನವೆಂದರೆ ರೇಡಿಯೋದ ಮುಖ 180 ಮಿಲಿಮೀಟರ್ ಉದ್ದ, 50 ಮಿಲಿಮೀಟರ್ ಎತ್ತರ ಇರಬೇಕೆಂದು ಜರ್ಮನರು ಎಂದೋ ನಿಯಮ ಮಾಡಿ ಪ್ರಪಂಚಕ್ಕೆಲ್ಲ ಉಪಕಾರ ಮಾಡಿದ್ದಾರೆ. ಹೊಸ ಸೆಟ್ಟುಗಳ ವೈರಿನ ಬಣ್ಣಕ್ಕೂ ಹಾಗೆಯೇ ಒಂದು ರೂಢಿಯಿದೆ. ಹಳದಿ ಎಂದರೆ ಬ್ಯಾಟರಿಯಿಂದ ಸದಾ ಬರುವ ಕರೆಂಟು, ಕೆಂಪು ಎಂದರೆ ಕೀಲಿ ತಿರುಗಿಸಿದಾಗ ಬರುವುದು, ಕಪ್ಪು ಅರ್ಥಿಂಗು. ಸ್ಪೀಕರುಗಳಿಗೆ ಬಿಳಿ, ಬೂದು, ಹಸಿರು, ನೇರಳೆ; ಮೈಮೇಲೆ ಕಪ್ಪು ಗೆರೆ ಇದ್ದದ್ದು ನೆಗೆಟಿವ್. ಮಗಳು ಅರ್ಧ ಗಂಟೆಯಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿದಳು. ಅದೇ ಮಗಳು ಕನ್ನಡ ಶಾಲೆಯ ಒತ್ತಕ್ಷರಗಳಿಗೆ ಎರಡು ವರ್ಷ ತೆಗೆದುಕೊಂಡದ್ದನ್ನು ಅಜ್ಜಿ ಆಗಲೇ ನೆನಪಿಸಬೇಕಾಗಿರಲಿಲ್ಲ. ಆದರೆ ನೆನಪಿಸಿದರು.

ತಾತನದು ಬೇರೆ ಗುರುಕುಲ. ಮೂವತ್ತನಾಲ್ಕು ವರ್ಷ ಕೆಇಬಿಯಲ್ಲಿ ದುಡಿದ ಜೀವ, ಬಣ್ಣವನ್ನು ನಂಬುವ ಜಾಯಮಾನವಲ್ಲ. “ವೈರಿನ ಬಣ್ಣ ನಂಬಿ ಕಂಬ ಹತ್ತಿದವರನ್ನ ನಾನು ನೋಡಿದೀನಿ. ಟೆಸ್ಟರ್ ಇಟ್ಟು ನೋಡು” ಎಂದರು. ಇಟ್ಟು ನೋಡಿದರೆ ಹಿಂದಿನ ಮಾಲೀಕ ಯಾರೋ ಹಳದಿ, ಕೆಂಪು ಎರಡನ್ನೂ ಅದಲು ಬದಲು ಮಾಡಿದ್ದ. ಅಂದಿನಿಂದ ಯೋಜನೆಯ ಚೀಫ್ ಎಂಜಿನಿಯರ್ ತಾತನೇ ಆದರು. ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ರಾಯರಿಗೆ ಟಾರ್ಚ್ ಹಿಡಿಯುವ ಹುದ್ದೆ ಸಿಕ್ಕಿತು.

ಬಾಗಿಲ ಸ್ಪೀಕರಿನ ಸರದಿ ಬಂದಾಗ ಮಾತ್ರ ಯಾರ ವಿದ್ಯೆಯೂ ನಡೆಯಲಿಲ್ಲ. ಬಾಗಿಲ ಒಳಹಲಗೆ ಒತ್ತಿದ ರಟ್ಟಿನಂಥದ್ದು, ಮಳೆನೀರಿಗೆ ಬುಡದಲ್ಲಿ ಉಬ್ಬಿತ್ತು. ಅದರ ಹಿಂದೆ ತೇವ ತಡೆಯಲೆಂದು ಒಂದು ಪ್ಲಾಸ್ಟಿಕ್ ಹಾಳೆ. ಆ ಹಾಳೆಯನ್ನು ಅಂಟಿಸಿದ್ದು ಬ್ಯುಟೈಲ್ ಎಂಬ ಕಪ್ಪು ಮೇಣದಿಂದ. ಅದು ಕೈಗೆ, ಕೈಯಿಂದ ಗಡ್ಡಕ್ಕೆ, ಗಡ್ಡದಿಂದ ಫೋನಿಗೆ ಹಬ್ಬಿತು. ಸಾಬೂನು ಸೋತಿತು. ಅಜ್ಜಿ ಒಳಗಿನಿಂದ ಕೊಬ್ಬರಿ ಎಣ್ಣೆ ತಂದು, “ಹಲಸಿನ ಹಣ್ಣು ಬಿಡಿಸಿ ಗೊತ್ತಿಲ್ಲದವರೆಲ್ಲ ಎಂಜಿನಿಯರ್‌ಗಳಾದ್ರೆ ಹೀಗೇ” ಎಂದು ಉಜ್ಜಿ ಕೊಟ್ಟರು. ಮೇಣ ಬಿಟ್ಟಿತು. ಆಮೇಲೆ ಆ ಬಾಟಲಿಗೆ ಸ್ಪ್ಯಾನರುಗಳ ಪಕ್ಕದಲ್ಲೇ ಖಾಯಂ ಜಾಗ.

ರಾಯರ ಮನಸ್ಸೆಲ್ಲ ಆಂಪ್ಲಿಫೈಯರಿನ ಮೇಲೆ. ಹೊಸ ಸೆಟ್ಟಿನ ಡಬ್ಬಿಯ ಮೇಲೆ 50 ವಾಟ್ ಎಂದು ಅಚ್ಚಾಗಿರುತ್ತದೆ. ಅದು ಕ್ಷಣಮಾತ್ರದ ಪೌರುಷ. ನಿಂತು ಕೊಡುವ ಶಕ್ತಿ ಒಂದು ಚಾನೆಲ್ಲಿಗೆ ಇಪ್ಪತ್ತರ ಆಸುಪಾಸು. ಅದಕ್ಕೇ ರಾಯರು ಚಾನೆಲ್ಲಿಗೆ 80 ವಾಟ್ ಕೊಡುವ, ನಾಲ್ಕು ಚಾನೆಲ್ಲಿನ ಪುಟ್ಟ ಡಬ್ಬಿಯನ್ನು ತರಿಸಿದರು. ತಾತ ಲೆಕ್ಕ ಹಾಕಿದರು: ನಷ್ಟವೂ ಸೇರಿ ಸುಮಾರು 400 ವಾಟ್, 12 ವೋಲ್ಟಿಗೆ ಭಾಗಿಸಿದರೆ 33 ಆಂಪಿಯರ್. “ನಿಮ್ಮಮ್ಮನ ಮಿಕ್ಸಿ 750 ವಾಟ್. ಅದಕ್ಕೇ ಮೂರೂವರೆ ಆಂಪಿಯರ್ ಸಾಕು. ಇದಕ್ಕೆ ಮೂವತ್ತಮೂರೇ? ಫ್ಯೂಸ್ ಎಲ್ಲಿ?” ಫ್ಯೂಸು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕೆಂಬುದು ಇಲ್ಲಿನ ಬಲ್ಲವರ ನಿಯಮ. ವೈರು ಎಲ್ಲೇ ಸವೆದು ಬಾಡಿಗೆ ತಗುಲಿದರೂ ಫ್ಯೂಸು ಹೋಗಬೇಕೇ ಹೊರತು ಕಾರು ಹೋಗಬಾರದು. ಮಿಯಾಟದ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ಆಂಪ್ಲಿಫೈಯರೂ ಅಲ್ಲೇ ಕೂತಿತು. ದಪ್ಪ ವೈರು ಮೊಳದುದ್ದಕ್ಕೇ ಮುಗಿಯಿತು. ಅಗ್ಗಕ್ಕೆ ಸಿಕ್ಕಿದ್ದ, ತಾಮ್ರದ ಲೇಪ ಬಳಿದ ಅಲ್ಯುಮಿನಿಯಂ ವೈರನ್ನು ತಾತ ಬ್ಲೇಡಿನಿಂದ ಕೆರೆದು ನೋಡಿ ಕಸದ ಬುಟ್ಟಿಗೆ ಎಸೆದರು.

ಕೊನೆಗೂ ಹಾಡು ಬಂತು. ಜೊತೆಗೊಂದು ಕೀರಲು ದನಿಯೂ ಬಂತು. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತದೆ. ಮಡದಿ ಅದನ್ನು ತಂಬೂರಿಯ ಬದಲಿಗೆ ಇಟ್ಟುಕೊಳ್ಳಿ ಎಂದರು. ತಾತ ಮಾತ್ರ ಗಂಭೀರವಾಗಿ, “ಅರ್ಥಿಂಗ್ ಸರಿ ಇಲ್ಲ” ಎಂದರು. ಅವರಿಗೆ ಕಳೆದ ಐವತ್ತು ವರ್ಷದಲ್ಲಿ ಪ್ರಪಂಚದ ಎಲ್ಲ ಸಮಸ್ಯೆಗೂ ಕಾರಣ ಅದೇ, ರಾಜಕೀಯವೂ ಸೇರಿ. ಈ ಸಲ ಅದು ನಿಜವೂ ಆಗಿತ್ತು. ಕಪ್ಪು ವೈರನ್ನು ರಾಯರು ಪೇಂಟಿನ ಮೇಲೆಯೇ ಬಿಗಿದಿದ್ದರು. ಪೇಂಟಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹೀಗಾಗಿ ಆಲ್ಟರ್ನೇಟರಿನ ಗದ್ದಲವೆಲ್ಲ ಹಾಡಿನ ವೈರಿನಲ್ಲಿ ನುಸುಳುತ್ತಿತ್ತು. ಲೋಹ ಹೊಳೆಯುವವರೆಗೆ ಕೆರೆದು ಬಿಗಿದಾಗ ಕೀರಲು ನಿಂತಿತು.

ಇನ್ನು ಪರೀಕ್ಷೆ. ಟಾಪು ತೆರೆದು, ರಾಯರು ಮತ್ತು ತಾತ ಹೈವೇ ಹತ್ತಿದರು. ಗಂಟೆಗೆ 35 ಮೈಲಿಯವರೆಗೆ ಪಿ.ಬಿ. ಶ್ರೀನಿವಾಸ್ ಹಾಡಿದರು. 50ಕ್ಕೆ ಪಿಸುಗುಟ್ಟಿದರು. 70 ಆದಾಗ ಬಾಯಿ ಮಾತ್ರ ಆಡಿಸುತ್ತಿದ್ದಿರಬೇಕು.

ಇಲ್ಲಿ ಭೌತಶಾಸ್ತ್ರ ನಿರ್ದಾಕ್ಷಿಣ್ಯ. ವಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಎನಿಸಲು 10 ಡೆಸಿಬೆಲ್ ಬೇಕು, ಅಂದರೆ ಹತ್ತುಪಟ್ಟು ವಾಟ್. ರಾಯರು ಇಪ್ಪತ್ತನ್ನು ಎಂಬತ್ತು ಮಾಡಿ ಸಂಪಾದಿಸಿದ್ದು 6 ಡೆಸಿಬೆಲ್. ಗಾಳಿಯ ಮೊರೆತವೋ, ವೇಗ ಇಮ್ಮಡಿಯಾದರೆ ಸುಮಾರು 18 ಡೆಸಿಬೆಲ್ ಏರುತ್ತದೆ. ಮುಚ್ಚಿದ ಕಾರಿನಲ್ಲಿ ನಾಲ್ಕು ಗೋಡೆಗಳ ಒತ್ತಾಸೆಯಿಂದ ತಬಲಾದ ಬಾಯಾಂ ದಪ್ಪಗೆ ಕೇಳುತ್ತದೆ. ಟಾಪಿಲ್ಲದ ಕಾರಿನಲ್ಲಿ ಅದು ಮೇಲಕ್ಕೆ ಹಾರಿ ಮಿಶಿಗನ್ನಿನ ಪಾಲಾಗುತ್ತದೆ. ಇದರ ಮೇಲೆ ಇನ್ನಷ್ಟು ಜೋರು ಮಾಡುವುದು ಕಿವಿಗೆ ಕೇಡು. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆಗಿಂತ ಹೆಚ್ಚು ಇರಬಾರದು, ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧವಾಗುತ್ತದೆ ಎನ್ನುತ್ತಾರೆ ಇಲ್ಲಿನ ಔದ್ಯೋಗಿಕ ಆರೋಗ್ಯದವರು.

ಇದಕ್ಕೆಲ್ಲ ಉತ್ತರ, ಗ್ಯಾರೇಜಿನ ಮೂಲೆಯ ರಟ್ಟಿನ ಡಬ್ಬಿಯಲ್ಲಿ ಬಿದ್ದಿತ್ತು. ಆ ಕಾಲದ ಕೆಲವು ಮಿಯಾಟಗಳ ಸೀಟಿನಲ್ಲಿ ತಲೆಯಾನಿಸುವ ಜಾಗದೊಳಗೇ ಪುಟ್ಟ ಸ್ಪೀಕರುಗಳಿರುತ್ತಿದ್ದವು. ರಾಯರ ಕಾರಿನಲ್ಲೂ ಇದ್ದವು. “ಆಟದ ಸಾಮಾನು” ಎಂದು ಮೊದಲ ದಿನವೇ ಕಿತ್ತು ಹಾಕಿದ್ದರು. ಸ್ಪೀಕರಿನ ದೂರ ಅರ್ಧವಾದಾಗಲೆಲ್ಲ 6 ಡೆಸಿಬೆಲ್ ಲಾಭ. ಕಾಲಿನ ಬಳಿ ಒಂದು ಮೀಟರ್ ದೂರದಲ್ಲಿದ್ದದ್ದನ್ನು ಕಿವಿಯಿಂದ 12.5 ಸೆಂಟಿಮೀಟರಿಗೆ ತಂದರೆ, ಕಾಗದದ ಮೇಲಾದರೂ, 64 ಪಟ್ಟು ವಾಟ್ ಸುರಿದಷ್ಟು ಫಲ. ಹಿರೋಶಿಮಾದವರು ಈ ಲೆಕ್ಕವನ್ನು ಮೊದಲೇ ಮಾಡಿಟ್ಟಿದ್ದರು. ಮಗಳು ಅದೇ ಅಳತೆಯ, ನೀರಿಗೆ ಹೆದರದ ಹೊಸ ಸ್ಪೀಕರು ಕೂರಿಸಿದಳು. “ಗಾಳಿ ಅಷ್ಟೊಂದು ಬೀಸಿದ್ರೆ ಗಾಜು ಏರಿಸ್ಕೊಳ್ಳೋದಲ್ವೇನೋ?” ಎಂದು ಕೇಳಿದ್ದು ಅಜ್ಜಿ. ಟಾಪು ಇಳಿಸಿ ಗಾಜು ಏರಿಸುವುದು ಶೋಕಿಗೆ ಕಡಿಮೆ ಎಂದು ರಾಯರ ಭಾವನೆ. ಏರಿಸಿದರು, ಕೇಳಿಸಿತು.

ಆಗಸ್ಟಿನ ಮೂರನೆಯ ಶನಿವಾರ ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂ ಮೇಲೆ ಹಳೆಯ ಕಾರುಗಳ ಜಾತ್ರೆ. 1995ರಿಂದ ನಡೆದು ಬಂದಿದೆ. ಎರಡನೆಯ ಸೀಟಿಗೆ ಮನೆಯಲ್ಲಿ ನಾಲ್ವರು ಅಭ್ಯರ್ಥಿಗಳು. ಕೊನೆಗೆ ಮಡದಿ ಗೆದ್ದರು, ಹೇಗೆಂದು ರಾಯರು ಹೇಳುವುದಿಲ್ಲ. ಕಾರುಗಳು ತೆವಳುವ ರಸ್ತೆ, ಗಾಳಿಯ ಕಾಟವಿಲ್ಲ, ಹಾಡು ಸ್ವಚ್ಛ. ಆದರೆ ಪಕ್ಕದಲ್ಲಿ ಅರವತ್ತರ ದಶಕದ ವಿ8 ಎಂಜಿನ್ನಿನ ಗಾಡಿಯೊಂದು ಗುಡುಗುತ್ತ ಬಂದು ನಿಂತು, ಸಿಗ್ನಲ್ಲು ಬಿಟ್ಟರೂ ಪಕ್ಕ ಬಿಡಲಿಲ್ಲ.

ಅಕ್ಟೋಬರ್ ಬಂತೆಂದರೆ ಕಾರು ಮುಸುಕು ಹೊದೆಯುವ ಕಾಲ. ಡೆಟ್ರಾಯಿಟಿನ ಅಡಿಯಲ್ಲೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಹಳೆಯ ಕಾರನ್ನು ತುಕ್ಕು ಹಿಡಿಸಿ ತಿನ್ನುತ್ತದೆ. ಮುಸುಕು ಹೊದಿಸುವ ಮುಂಚೆ ಆಯುಧಪೂಜೆ. ಸ್ಪ್ಯಾನರು, ಮಲ್ಟಿಮೀಟರು, ಕೊಬ್ಬರಿ ಎಣ್ಣೆ ಬಾಟಲಿಗೂ ಕುಂಕುಮ. ಇಲ್ಲಿನ ಪಂಪ ಕನ್ನಡ ಕೂಟದ ನಾಲ್ಕಾರು ಸಂಸಾರಗಳು ಬಂದವು. ಕಾರನ್ನು ಡ್ರೈವ್‌ವೇಯಲ್ಲಿ ನಿಲ್ಲಿಸಿ, ಟಾಪು ತೆರೆದು, ಎಂಜಿನ್ ಬಂದ್ ಮಾಡಿ ಹಾಡು ಹಾಕಿದರು. ಅಷ್ಟು ಚೆನ್ನಾಗಿ ಅದು ಯಾವತ್ತೂ ಕೇಳಿಸಿರಲಿಲ್ಲ. ಪುಳಿಯೋಗರೆ, ಕೋಸಂಬರಿ, ಮೂರು ಗಂಟೆಯ ಬೇಡಿಕೆಯ ಹಾಡುಗಳು. ಆಮೇಲೆ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಬೇಕೆಂದು ಕೀಲಿ ತಿರುಗಿಸಿದರೆ, ಕಟ್ ಎಂದಿತು.

ಆಂಪ್ಲಿಫೈಯರು ಬ್ಯಾಟರಿ ಪೂರ್ತಿ ಬರಿದಾಗುವ ಮೊದಲೇ ತಾನಾಗಿ ಆರುತ್ತದೆ. ಸ್ಟಾರ್ಟರಿಗೆ ಸಾಲದಷ್ಟು, ಕಿಡಿಗೆ ಸಾಲುವಷ್ಟು ಉಳಿದಿತ್ತು. ನೆರೆದ ಎಂಜಿನಿಯರುಗಳು ಜಂಪರ್ ಕೇಬಲ್ ಯಾರ ಮನೆಯಲ್ಲಿದೆ ಎಂದು ಚರ್ಚೆಗೆ ಕುಳಿತರು. ತಾತ ಪಂಚೆ ಎತ್ತಿ ಕಟ್ಟಿದರು. ಅವರ ಲೈಸೆನ್ಸು ಮುಗಿದು ವರ್ಷಗಳಾಗಿದ್ದವು. ಮಿಶಿಗನ್ನಿನಲ್ಲಿ 14 ವರ್ಷ 9 ತಿಂಗಳಿಗೇ ಕಲಿಕೆಯ ಲೈಸೆನ್ಸು ಪಡೆದ ಮೊಮ್ಮಗಳು ಸ್ಟಿಯರಿಂಗ್ ಹಿಡಿಯುವುದನ್ನು ಅವರು ಬೇಸಿಗೆಯಿಡೀ ನೋಡಿ ಸುಮ್ಮನಿದ್ದರು.

“ಕೆಇಬಿ ಜೀಪು ಎಷ್ಟು ಸಲ ತಳ್ಳಿದೀನಿ ನಾನು! ಎಲ್ಲರೂ ಹಿಂದೆ ಬನ್ನಿ. ಸೆಕೆಂಡ್ ಗೇರ್.”

“ಮಾವ, ಇಲ್ಲಿ ಗೇರು ಬಲಗೈಗೆ” ಎಂದು ಸೊಸೆ ಕೂಗುವಷ್ಟರಲ್ಲಿ ಅಜ್ಜಿ ಪಕ್ಕದ ಸೀಟಿನಲ್ಲಿ ಕೂತು ಸೆರಗು ಸಿಕ್ಕಿಸಿಕೊಂಡಾಗಿತ್ತು. ಆರು ಜನ ತಳ್ಳಿದರು. ತಾತ ಕ್ಲಚ್ ಬಿಟ್ಟರು. ಕಾರು ಒಮ್ಮೆ ಮುಗ್ಗರಿಸಿ, ಕೆಮ್ಮಿ, ಎದ್ದಿತು. ಹಾಡು ನಿಂತಲ್ಲಿಂದಲೇ ಮುಂದುವರಿಯಿತು. ರಸ್ತೆಯ ಕೊನೆಯ ವೃತ್ತವನ್ನು ಒಂದು ಸುತ್ತು ಹಾಕಿ ನಿಲ್ಲಿಸುವರೆಂದು ಎಲ್ಲರೂ ಕಾದರು. ಎರಡಾಯಿತು, ಮೂರಾಯಿತು. ಗಂಟೆಗೆ ಹತ್ತು ಮೈಲಿ ವೇಗ, ಒಂದಕ್ಷರವೂ ಗಾಳಿಗೆ ಹೋಗುವಂತಿರಲಿಲ್ಲ.

“ಸೌಂಡು ಕಮ್ಮಿ ಮಾಡ್ರೀ, ಅಕ್ಕಪಕ್ಕದವರು ಏನಂದ್ಕೊಂಡಾರು!” ಎಂದು ಅಜ್ಜಿ ಕೂಗುತ್ತಿದ್ದರು.

“ಏನಂದೆ? ಕೇಳಿಸ್ತಿಲ್ಲ” ಎಂದು ತಾತ ನಾಲ್ಕನೆಯ ಸುತ್ತಿಗೆ ತಿರುಗಿಸಿದರು.