ಮಿಲಿಮೀಟರ್ ಮಾವ

ಮಲೆನಾಡಿನಲ್ಲಿ ಜೂನ್ ಅರ್ಧ ಕಳೆಯಿತೆಂದರೆ ಫೋನೆತ್ತಿದವರು ‘ಹಲೋ’ ಎನ್ನುವುದು ಕಡಿಮೆ. ‘ಎಷ್ಟು?’ ಎಂದೇ ಮಾತು ಶುರು. ಆ ಕಡೆಯಿಂದ ‘ನಾಕೂವರೆ’ ಎಂದು ಉತ್ತರ. ಇದು ಅಡಿಕೆ ಧಾರಣೆಯಲ್ಲ, ನೆನ್ನೆ ಬೆಳಗ್ಗೆಯಿಂದ ಇವತ್ತು ಬೆಳಗ್ಗೆವರೆಗೆ ಬಿದ್ದ ಮಳೆಯ ಇಂಚು. ಕೇಳುವುದರಲ್ಲಿ ಕುತೂಹಲ ಕಾಲುಪಾಲು, ಮಿಕ್ಕ ಮುಕ್ಕಾಲು ಮಾನದ ಪ್ರಶ್ನೆ. ತಮ್ಮಲ್ಲಿ ನಾಲ್ಕು ಬಿದ್ದು ಪಕ್ಕದೂರಲ್ಲಿ ಐದು ಬಿದ್ದರೆ ಅವತ್ತು ತಿಂಡಿ ರುಚಿಸದ ಯಜಮಾನರನ್ನು ನಾನು ಕಂಡಿದ್ದೇನೆ. ಆಗುಂಬೆಯವರಿಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆಂಬ ಹೆಮ್ಮೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಎಷ್ಟೋ ವರ್ಷ ಅದನ್ನು ಹಿಂದೆ ಹಾಕಿರುವುದರಿಂದ, ಆಗುಂಬೆ ಕಡೆಯ ನೆಂಟರ ಮನೆಯಲ್ಲಿ ಹುಲಿಕಲ್ಲಿನ ಹೆಸರನ್ನು ಊಟ ಮುಗಿದ ಮೇಲೆಯೇ ಎತ್ತುವುದು ಕ್ಷೇಮ.

ಇಂಥ ಸೀಮೆಯಲ್ಲಿ ಊರಿಗೊಬ್ಬ ಮಿಲಿಮೀಟರ್ ಮಾವ ಇದ್ದೇ ಇರುತ್ತಾರೆ. ನಮ್ಮೂರಿನವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾಗಿ ತೋಟಕ್ಕೆ ವಾಪಸಾದವರು. ಸಂಜೆ ಲೆಕ್ಕ ಟ್ಯಾಲಿಯಾಗದಿದ್ದರೆ ಇಡೀ ಬ್ರಾಂಚನ್ನೇ ಕೂರಿಸಿಕೊಳ್ಳುತ್ತಿದ್ದ ಆಸಾಮಿ. ಊರಿಗೆ ಬಂದ ಮೇಲೆ ಟ್ಯಾಲಿ ಮಾಡಲು ಏನೂ ಸಿಗದೆ ಒಂದು ವರ್ಷ ಒದ್ದಾಡಿದರು. ಅಷ್ಟರಲ್ಲಿ ಷಷ್ಟ್ಯಬ್ದಿ ಬಂತು. ಬೆಂಗಳೂರಿನಲ್ಲಿರುವ ಮಗ ಶಾಲು ಪಂಚೆ ಬಿಟ್ಟು ಒಂದು ಪೆಟ್ಟಿಗೆ ಕಳಿಸಿದ: ಮನೆಯಲ್ಲೇ ಹಾಕಿಕೊಳ್ಳುವ ಹವಾಮಾನ ಕೇಂದ್ರ. ಗಾಳಿಗೆ ಗಿರಗಿರ ತಿರುಗುವ ಮೂರು ಬಟ್ಟಲು, ದಿಕ್ಕು ತೋರಿಸುವ ಬಾಲ, ಮಳೆ ಹಿಡಿಯುವ ಆಲಿಕೆ, ತಾಪಮಾನದ ಸೆನ್ಸರ್ ಅಡಗಿಸಿಟ್ಟ ಬಿಳೀ ತಟ್ಟೆಗಳ ಗೂಡು, ಇಷ್ಟರ ಲೆಕ್ಕವನ್ನೂ ಒಳಗೆ ತೋರಿಸುವ ಒಂದು ಪರದೆ.

ಆ ಬಿಳೀ ಗೂಡಿನ ಮೂಲಪುರುಷ ಥಾಮಸ್ ಸ್ಟೀವನ್ಸನ್ ಎಂಬ ದೀಪಸ್ತಂಭದ ಎಂಜಿನಿಯರು, ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್ನನ ತಂದೆ. ಬಿಸಿಲು ನೇರ ತಾಗಬಾರದು, ಗಾಳಿ ಮಾತ್ರ ಆಡುತ್ತಿರಬೇಕು ಎಂದು ಆತ ಮಾಡಿದ ಜಾಲಂಧ್ರದ ಪೆಟ್ಟಿಗೆಯೇ ಈಗ ಪ್ಲಾಸ್ಟಿಕ್ ತಟ್ಟೆಯ ರೂಪದಲ್ಲಿ ಬರುತ್ತಿರುವುದು. ಮನೆಗೆ ಬಂದವರಿಗೆಲ್ಲ, ಅಡಿಕೆ ಕೊನೆ ತೆಗೆಯಲು ಬಂದವರಿಗೂ ಸೇರಿ, ಮಾವ ಇದನ್ನು ಹೇಳದೆ ಬಿಡುತ್ತಿರಲಿಲ್ಲ. ‘ಅಲ್ಲಿ ಅಪ್ಪ ಗೂಡು ಕಟ್ಟಿದ, ಮಗ ಕತೆ ಕಟ್ಟಿದ. ನಮ್ಮನೇಲಿ ಮಗ ಗೂಡು ಕಳಿಸಿದ, ಅಪ್ಪ ಕೂತು ಕತೆ ಕಟ್ತಾ ಇದಾರೆ’ ಎಂದು ಅತ್ತೆ ಒಳಗಿನಿಂದಲೇ ಷರಾ ಬರೆದರು.

ನಿಲ್ಲಿಸುವುದೇ ಮೊದಲ ಕಷ್ಟ. ಮಳೆಮಾಪಕದ ಹತ್ತಿರ ಮರ, ಗೋಡೆ ಏನಿದ್ದರೂ ಅದರ ಎತ್ತರದ ಎರಡು ಪಟ್ಟಾದರೂ ದೂರವಿರಬೇಕು ಎಂದು ಮಾವ ಓದಿದ್ದರು. ಅಡಿಕೆ ಮರ ಐವತ್ತಡಿ. ಅಂದರೆ ನೂರಡಿ ಸುತ್ತಲೂ ಅಡಿಕೆ ಮರವಿಲ್ಲದ ಜಾಗ ಬೇಕು. ನಮ್ಮೂರಲ್ಲಿ ಅಂಥದ್ದು ಇರುವುದು ಶಾಲೆ ಮೈದಾನ ಒಂದೇ. ಗಾಳಿ ಅಳೆಯುವ ಬಟ್ಟಲಿಗೋ ಹತ್ತು ಮೀಟರ್ ಎತ್ತರ ಬೇಕು, ತಾಪಮಾನದ ಗೂಡಿಗೆ ಎದೆಯ ಮಟ್ಟವೇ ಸರಿ. ಇವೆಲ್ಲ ಒಂದೇ ಕಂಬಕ್ಕೆ ಕಚ್ಚಿಕೊಂಡೇ ಬಂದಿವೆ! ಕಡೆಗೆ ಅಂಗಳದ ಮೂಲೆಯಲ್ಲಿ, ಅಡಿಕೆ ಒಣಗಿಸುವ ಚಪ್ಪರಕ್ಕೂ ಬಚ್ಚಲಿಗೂ ನಡುವೆ ಕಂಬ ನಿಂತಿತು. ಮಾವ ಮಟ್ಟಗೋಲು ಇಟ್ಟು ಆಲಿಕೆಯ ಅಂಚು ಸರಿಮಾಡಿದ್ದನ್ನು ನೋಡಿದ ಗಾರೆ ಕೆಲಸದವನು, ತನ್ನ ಕೆಲಸಕ್ಕೆ ಮಾವ ಇಷ್ಟು ತಲೆ ಕೆಡಿಸಿಕೊಂಡಿದ್ದರೆ ಹಿಂದಿನ ಗೋಡೆ ಸೀಳು ಬಿಡುತ್ತಿರಲಿಲ್ಲ ಎಂದ.

ಎರಡನೇ ಕಷ್ಟ ಸಿಗ್ನಲ್ಲು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ದಾಟಿ ಅದು ಚಾವಡಿಗೆ ಬರಲೊಲ್ಲದು. ಪರದೆ ಹಿಡಿದು ಮಾವ ಮನೆಯೆಲ್ಲ ಸುತ್ತಿದರು. ಊಟದ ಮನೆಯಲ್ಲಿ ಒಂದು ಕಡ್ಡಿ, ಅಟ್ಟದ ಮೇಲೆ ಎರಡು. ಪೂರ್ತಿ ಸಿಕ್ಕಿದ್ದು ದೇವರ ಕೋಣೆಯಲ್ಲಿ, ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕ. ಅಲ್ಲೇ ಪ್ರತಿಷ್ಠಾಪನೆಯಾಯಿತು. ಹಬ್ಬಕ್ಕೆ ಮಾತ್ರ ದೇವರ ಕೋಣೆಗೆ ಹೋಗುತ್ತಿದ್ದವರು ಗಳಿಗೆಗೊಮ್ಮೆ ಹೋಗಿ ಬರತೊಡಗಿದರು. ನಿವೃತ್ತಿಯಾದ ಮೇಲೆ ಮಾವನಿಗೆ ಭಕ್ತಿ ಬಂದಿದೆ ಎಂದು ಊರಲ್ಲಿ ಸುದ್ದಿಯಾಗಿ, ದೇವಸ್ಥಾನದ ಸಮಿತಿಯವರು ರಶೀದಿ ಪುಸ್ತಕ ಹಿಡಿದು ಬಂದರು.

ಮೊದಲ ದಿನ ಪರದೆಯಲ್ಲಿ ವಾಯುಭಾರ 936 ಎಂದು ಮೂಡಿತು. ಸಮುದ್ರಮಟ್ಟದಲ್ಲಿ ಸಾಧಾರಣವಾಗಿ 1,013 ಹೆಕ್ಟೋಪಾಸ್ಕಲ್ ಇರುತ್ತದೆ, ಭಾರೀ ಚಂಡಮಾರುತದ ನಡುವೆ ಮಾತ್ರ ಅಷ್ಟು ಕೆಳಗಿಳಿಯುತ್ತದೆ ಎಂದು ಮಾವನಿಗೆ ಗೊತ್ತಿತ್ತು. ಎಂಟು ಮನೆಗೆ ಫೋನು ಹೋಯಿತು: ‘ದನ ಒಳಗೆ ಕಟ್ಟಿ, ಮಕ್ಕಳನ್ನು ಹೊಳೆ ಕಡೆ ಬಿಡಬೇಡಿ.’ ಹೊರಗೆ ಎಳೆಬಿಸಿಲು, ಎಲೆ ಅಲುಗುತ್ತಿಲ್ಲ. ‘ಬಿರುಗಾಳಿಗೆ ಮುಂಚೆ ಹೀಗೇ’ ಎಂದರು ಮಾವ. ಸಂಜೆ ಮಗ ಫೋನಿನಲ್ಲಿ ವಿಷಯ ಬಿಡಿಸಿದ. ಮೇಲೇರುತ್ತ ಹೋದಂತೆ ಎಂಟು ಒಂಬತ್ತು ಮೀಟರಿಗೆ ಒಂದರಂತೆ ಒತ್ತಡ ಇಳಿಯುತ್ತದೆ, ನಮ್ಮೂರು ಇರುವುದು 600 ಚಿಲ್ಲರೆ ಮೀಟರ್ ಎತ್ತರದಲ್ಲಿ, ಅದನ್ನು ಯಂತ್ರಕ್ಕೆ ತಿಳಿಸದಿದ್ದರೆ ನಮಗೆ ದಿನಾ ಚಂಡಮಾರುತ. ಎತ್ತರ ತುಂಬಿಸಿದ ತಕ್ಷಣ ಅಂಕಿ ಸಾವಿರ ದಾಟಿತು. ಮಾವನ ಮುಖ ಮಾತ್ರ ಬಾಡಿತು.

ಜೂನ್ ಕೊನೆಗೆ ತೇವಾಂಶ 99ಕ್ಕೆ ಹೋಗಿ ಕೂತಿತು. ಹಗಲು 99, ರಾತ್ರಿ 99. ಸೆನ್ಸರ್ ಕೆಟ್ಟಿದೆ ಎಂದು ಮಾವನಿಗೆ ಹಬ್ಬವೇ ಬಂತು. ಅಡುಗೆ ಉಪ್ಪನ್ನು ನೀರಲ್ಲಿ ಮುದ್ದೆ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸೆನ್ಸರಿನ ಜೊತೆ ಇಟ್ಟರೆ ಒಳಗಿನ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ಪರೀಕ್ಷೆಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಅತ್ತೆಯ ಹಪ್ಪಳದ ಡಬ್ಬಿ ಖಾಲಿಯಾಯಿತು. ಒಂದು ರಾತ್ರಿ ಕಳೆದು ನೋಡಿದರೆ 75. ಯಂತ್ರಕ್ಕೆ ಏನೂ ಆಗಿಲ್ಲ, ಊರಿನ ಗಾಳಿಯೇ ಹಾಗಿದೆ. ‘ಅದನ್ನ ನನ್ನ ಹಪ್ಪಳ ಹೇಳ್ತಿರಲಿಲ್ವಾ?’ ಎಂದು ಅತ್ತೆ ಮೆತ್ತಗಾದ ಹಪ್ಪಳವನ್ನು ಮಾವನ ತಟ್ಟೆಗೇ ಬಡಿಸಿದರು.

ಇಷ್ಟೊತ್ತಿಗೆ ನನಗೊಂದು ಅನುಮಾನ ಶುರುವಾಗಿತ್ತು. ಮಾವನ ರಿಪೇರಿ ಶ್ರದ್ಧೆಗೆ ಒಂದು ದಿಕ್ಕಿದೆ. ಕಾರ್ತೀಕ ಮಾಸದಲ್ಲಿ ಬಚ್ಚಲ ಪಕ್ಕ ಅಡಿಕೆ ಬೇಯಿಸುವ ಒಲೆ ಹೊತ್ತಿದಾಗ ರಾತ್ರಿ ಎಂಟು ಗಂಟೆಗೆ ತಾಪಮಾನ 41 ಡಿಗ್ರಿಗೆ ಏರಿತು. ಆಗ ಮಾವ ಸೆನ್ಸರ್ ಮುಟ್ಟಲಿಲ್ಲ. ‘ಹವಾಮಾನ ಬದಲಾಗ್ತಿದೆ ಮಾರಾಯ’ ಎಂದು ನಿಟ್ಟುಸಿರು ಬಿಟ್ಟು ಪುಸ್ತಕದಲ್ಲಿ ಬರೆದುಕೊಂಡರು. ಫೆಬ್ರುವರಿಯಲ್ಲಿ ತೋಟದ ಸ್ಪ್ರಿಂಕ್ಲರ್ ಮೂತಿ ತಿರುಗಿ ಆಲಿಕೆಗೆ ನೀರು ಹೊಡೆದು 14 ಮಿಲಿಮೀಟರ್ ಮಳೆ ದಾಖಲಾಯಿತು. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಬಿದ್ದರೂ ಅದು ಮಳೆ ದಿನವೇ, ಹಾಗಾಗಿ ಅದೂ ಸೇರಿತು. ಗಾಳಿಗೆ ಕಂಬ ಅಲುಗಿ ಮಳೆ ಅಳೆಯುವ ಒಳಗಿನ ಬಟ್ಟಲು ತಾನೇ ತೂಗಾಡಿ ಬೀಳಿಸಿದ ಸುಳ್ಳು ಮಳೆಯೂ ಸೇರಿತು. ಅಂಕಿ ಏರಿದರೆ ಪ್ರಕೃತಿ, ಇಳಿದರೆ ಯಂತ್ರದೋಷ.

ಇದಕ್ಕೆಲ್ಲ ಕಾರಣ ಕೆಳಮನೆ ರಾಯರು. ರಾಯರ ಮಳೆಮಾಪಕ ಒಂದು ಪೇಂಟಿನ ಬಕೆಟ್ಟು. ಅಂಗಳದ ಕಟ್ಟೆ ಮೇಲೆ ಇಟ್ಟಿರುತ್ತದೆ. ಬೆಳಗ್ಗೆ ಹಾಲು ಕರೆದು ಬಂದು ಮೊಮ್ಮಗನ ಸ್ಕೇಲು ಅದ್ದಿ ನೋಡುತ್ತಾರೆ, ಮುಗಿಯಿತು. ಆ ಬಕೆಟ್ಟಿನ ಬಾಯಿ ಅಗಲ, ತಳ ಸಣ್ಣ. ಅಗಲ ಬಾಯಿಯಲ್ಲಿ ಹಿಡಿದ ನೀರು ಸಣ್ಣ ತಳದಲ್ಲಿ ನಿಂತರೆ ಇಂಚು ಹೆಚ್ಚಾಗಿ ಕಾಣಲೇಬೇಕು. ಇದನ್ನು ಮಾವ ಚಿತ್ರ ಬರೆದು ಮದುವೆಮನೆ ಪಂಕ್ತಿಯಲ್ಲಿ ವಿವರಿಸಿದರು. ಎಲ್ಲರೂ ಹೌದು ಹೌದು ಎಂದು, ಎಲೆ ಎತ್ತಿದ ಮೇಲೆ ‘ರಾಯರಲ್ಲಿ ಎಷ್ಟಂತೆ?’ ಎಂದೇ ಕೇಳಿದರು. ವಿಜ್ಞಾನ ಮಾವನ ಕಡೆ, ಇಂಚು ರಾಯರ ಕಡೆ. ಮಾವ ಇಂಚು ಬಿಟ್ಟು ಮಿಲಿಮೀಟರಿಗೆ ಹಾರಿದ್ದು ಆಗಲೇ. ನಾಲ್ಕು ಇಂಚು ಎನ್ನುವುದಕ್ಕಿಂತ 101.6 ಎನ್ನುವುದಕ್ಕೆ ತೂಕ ಜಾಸ್ತಿ.

ಇಬ್ಬರ ದಿನವೂ ಒಂದಲ್ಲ. ರಾಯರ ದಿನ ಹಾಲು ಕರೆದಾಗ ಶುರು. ಮಾವನದು ಇಲಾಖೆಯ ಪದ್ಧತಿಯಂತೆ ಬೆಳಗ್ಗೆ 8.30ಕ್ಕೆ. ಯಂತ್ರವೋ ರಾತ್ರಿ ಹನ್ನೆರಡಕ್ಕೆ ಸೊನ್ನೆಗೆ ಬಂದುಬಿಡುತ್ತದೆ. ಇದಕ್ಕಾಗಿ ಮಾವ ನಡುರಾತ್ರಿ ಎದ್ದು ದೇವರ ಕೋಣೆಗೆ ಹೋಗಿ ಅಂಕಿ ಬರೆದುಕೊಂಡು, ಬೆಳಗ್ಗೆ ಕೂಡಿ ಕಳೆದು ಟ್ಯಾಲಿ ಮಾಡಿ, ಆಮೇಲೆ ದೋಸೆಗೆ ಕೈ ಹಾಕುತ್ತಾರೆ.

ಯಂತ್ರದ ಒಳಗೆ ಮಳೆ ಅಳೆಯುವುದು ಒಂದು ಪುಟ್ಟ ಏತ. ಆಲಿಕೆಯ ಕೆಳಗೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಬಟ್ಟಲು. ಒಂದರಲ್ಲಿ 0.2 ಮಿಲಿಮೀಟರ್ ಮಳೆಯ ನೀರು ತುಂಬಿದ ಕೂಡಲೇ ಟಿಕ್ ಎಂದು ಮಗುಚಿ, ಇನ್ನೊಂದು ಮೇಲೆ ಬರುತ್ತದೆ. ಟಿಕ್‌ಗಳನ್ನು ಎಣಿಸಿದರೆ ಮಳೆ. ಜೋರು ಮಳೆಯಲ್ಲಿ ಬಟ್ಟಲು ಮಗುಚುವಷ್ಟು ಹೊತ್ತು ಬಿದ್ದ ನೀರು ಲೆಕ್ಕ ತಪ್ಪುತ್ತದೆ. ಇದು ನಿಜ, ಇಂಥ ಯಂತ್ರಗಳಿಗೆಲ್ಲ ಇರುವ ದೌರ್ಬಲ್ಯ. ಅದನ್ನು ಓದಿದ ದಿನ ಮಾವ ಪಾಯಸ ಮಾಡಿಸಿದರು.

ಪರೀಕ್ಷೆಗೆ ನೀರನ್ನು ಸಣ್ಣಗೆ, ಒಂದೇ ಹದದಲ್ಲಿ ಬಿಡಬೇಕು. ಮೆಡಿಕಲ್ ಶಾಪಿನಿಂದ ಸಲೈನ್ ಬಾಟಲಿ, ನಳಿಗೆ ಬಂತು. ಬಟ್ಟೆ ಒಣಗಿಸುವ ತಂತಿಗೆ ಬಾಟಲಿ ನೇತುಬಿದ್ದಿತು. ಚಕ್ರ ತಿರುಗಿಸಿ ಹನಿ ಹದ ಮಾಡಿ, ಮಾವ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತರು. ರಸ್ತೆಯಲ್ಲಿ ಹೋಗುತ್ತಿದ್ದ ರಾಯರು ಗಾಬರಿಯಾಗಿ ದಣಪೆ ದಾಟಿ ಒಳಗೆ ಬಂದರು.

‘ಎಂತ ಆಯ್ತು? ಯಾರಿಗೆ ಹುಷಾರಿಲ್ಲ?’

‘ಮಳೆಮಾಪಕಕ್ಕೆ.’

‘ಅಯ್ಯೋ ದೇವರೇ. ಊಟ ಮಾಡ್ತದನಾ?’

ಮಾವ ಕೈಯೆತ್ತಿ ಸುಮ್ಮನಿರಿಸಿದರು. ಎಣಿಕೆ ತಪ್ಪಬಾರದು. ಆಲಿಕೆಯ ಬಾಯಿ ನೂರು ಚದರ ಸೆಂಟಿಮೀಟರ್, ಅರ್ಧ ಲೀಟರ್ ಹಾಕಿದರೆ 50 ಮಿಲಿಮೀಟರ್ ಮಳೆ, ಅಂದರೆ 250 ಟಿಕ್ ಬರಬೇಕು. ಬಂದದ್ದು 243. ‘ನೋಡಿ, ತಿಂತಿದೆ!’ ಎಂದು ಮಾವ ಎದ್ದು ನಿಂತರು. ಅವತ್ತಿನಿಂದ ಎಲ್ಲ ಅಂಕಿಗೂ ನೂರಕ್ಕೆ ಮೂರು ಬಡ್ಡಿ ಸೇರಿತು. ಮುಂದಿನ ವಾರ ಮತ್ತೆ ಪರೀಕ್ಷೆ ಮಾಡಿದರೆ 258 ಬಂತು. ಮಾವ ಸ್ವಲ್ಪ ಹೊತ್ತು ಯೋಚಿಸಿ, ಬಾಟಲಿಯ ಗೆರೆ ಸರಿಯಿಲ್ಲ ಎಂದು ತೀರ್ಪು ಕೊಟ್ಟರು.

ಪಂಚಾಯಿತಿಯ ಸರ್ಕಾರಿ ಮಳೆಮಾಪಕದ ಮೇಲೂ ಅವರಿಗೆ ಕಣ್ಣು. ಅದು ಕಾಲುಗಂಟೆಗೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತದೆ, ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿಂತಿರುವುದೂ ಪಂಚಾಯಿತಿ ಮಟ್ಟದ ಮಳೆಯ ಅಂಕಿಯ ಮೇಲೆ. ಅತಿಮಳೆಗೆ ಕೊಳೆ ಬಂದು ತೋಟ ಹೋದವರು ಆ ಅಂಕಿಯನ್ನು ಜಾತಕ ನೋಡುವ ಆತಂಕದಲ್ಲಿ ನೋಡುತ್ತಾರೆ, ಅದರಲ್ಲಿ ನಗುವಂಥದ್ದು ಏನಿಲ್ಲ. ಮಾವನಿಗೆ ವಿಮೆಗಿಂತ ತಮ್ಮ ಅಂಗಳದ ಮಳೆಯನ್ನು ಯಾರೂ ಕೇಳಲಿಲ್ಲ ಎಂಬ ಕೊರಗು.

ಕಳೆದ ವರ್ಷ ಪುನರ್ವಸು ಮಳೆ ಹಿಡಿದ ರಾತ್ರಿ ಎಲ್ಲಕ್ಕೂ ಪರೀಕ್ಷೆ ಬಂತು. ಹೆಂಚಿನ ಮೇಲೆ ಬೀಳುವ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತು ಕೇಳಿಸುತ್ತಿರಲಿಲ್ಲ. ಕರೆಂಟು ಸಂಜೆಯೇ ಹೋಗಿತ್ತು. ಮಾವ ಪರದೆಗೆ ಬ್ಯಾಟರಿ ಹಾಕಿಟ್ಟಿದ್ದರು. ನಡುರಾತ್ರಿ ನೋಡಿದರೆ 6.4 ಮಿಲಿಮೀಟರ್. ಒಂದು ಗಂಟೆಗೆ 0. ಎರಡಕ್ಕೆ 0. ಮೂರಕ್ಕೂ ಅದೇ ಸೊನ್ನೆ. ಇಡೀ ಮಳೆಗಾಲ ಕಾದ ಮಳೆ ಹೊರಗೆ ಸುರಿಯುತ್ತಿದೆ, ಲೆಕ್ಕಕ್ಕೆ ಒಂದು ಪೈಸೆ ಜಮಾ ಇಲ್ಲ.

ಮಾವ ಕಂಬಳಿಕೊಪ್ಪೆ ಹಾಕಿ, ಬ್ಯಾಟರಿ ಹಿಡಿದು ಏಣಿ ಹತ್ತಿದರು. ಕೆಳಗೆ ಏಣಿ ಹಿಡಿಯುವ ಭಾಗ್ಯ ನನ್ನದು. ಆಲಿಕೆಯ ತುಂಬ ನೀರು, ಅಂಚಿನ ಮೇಲಿಂದ ಹೊರಗೆ ಹರಿಯುತ್ತಿದೆ. ಕೆಳಗಿನ ತೂತಿಗೆ ಒಂದು ಕಣಜ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿದೆ. ಅದರ ಮೇಲೆ ಹಲಸಿನ ಎಲೆಯೊಂದು ಮುಚ್ಚಳದ ಹಾಗೆ ಕೂತಿದೆ. ಮಾವ ಹೇರ್‌ಪಿನ್ನಿನಲ್ಲಿ ಗೂಡು ಕಿತ್ತರು. ಟಿಕ್ ಟಿಕ್ ಶುರುವಾಯಿತು. ಆದರೆ ಹೋದದ್ದು ಹೋಯಿತು. ಒಳಗೆ ಬಂದು ತಲೆ ಒರೆಸಿಕೊಳ್ಳುತ್ತ ಬಹಳ ಹೊತ್ತು ಪುಸ್ತಕದ ಮುಂದೆ ಕೂತರು. ಬ್ಯಾಂಕಿನವರು, ಇಲ್ಲದ ಅಂಕಿಯನ್ನು ಬರೆಯುವವರಲ್ಲ. ಆ ಮಟ್ಟಿಗೆ ಪ್ರಾಮಾಣಿಕರು.

ಬೆಳಗ್ಗೆ ಏಳಕ್ಕೆ ರಾಯರ ಫೋನು ಬಂತು. ದನಿಯಲ್ಲೇ ಗೊತ್ತಾಗುತ್ತಿತ್ತು. ‘ಒಂಬತ್ತೂವರೆ ಇಂಚು! ನಿಮ್ಮಲ್ಲಿ ಎಷ್ಟು?’

ಮಾವ ಒಂದು ಕ್ಷಣ ಸುಮ್ಮನಿದ್ದು, ಸುಳ್ಳಿನ ಸೋಂಕೂ ಇಲ್ಲದ ಸ್ವರದಲ್ಲಿ ಹೇಳಿದರು: ‘ನಮ್ಮಲ್ಲಿ ಮಷೀನಿನ ಹತ್ರ ಅಳೆಯಕ್ಕೇ ಆಗಲಿಲ್ಲ ರಾಯರೇ.’

ಆ ಕಡೆ ಮಾತಿಲ್ಲ. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ ಹೋಗಿತ್ತು, ಮಾವನ ಮನೆ ಮೇಲೆ ಯಂತ್ರಕ್ಕೂ ಎಟುಕದಷ್ಟು ಮಳೆ ಬಿದ್ದಿದೆ ಎಂದು. ಮೂರನೇ ದಿನ ಮಳೆ ಸ್ವಲ್ಪ ಹೊಳವಾದಾಗ ಕೊಡೆ ಮಡಚುತ್ತ ರಾಯರು ಜಗಲಿಗೆ ಬಂದರು. ಕಾಫಿ ಕುಡಿದರು, ಕೊಳೆ ಔಷಧಿ ಎರಡನೇ ಸಲ ಹೊಡೆಸುವ ಮಾತಾಡಿದರು. ಎದ್ದು ಹೊರಟವರು ಕಂಬದ ಹತ್ತಿರ ನಿಂತು, ಮೇಲೆ ನೋಡುತ್ತಲೇ ಕೇಳಿದರು:

‘ಅಲ್ಲ, ಇದು ಎಷ್ಟಕ್ಕೆ ಬಂತು?’