ಹಿಂಗಾಲ ಮೀಮಾಂಸೆ

ಪ್ರಸ್ತುತ ಪ್ರಬಂಧವು ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಕಬಡ್ಡಿ ಪ್ರೇಕ್ಷಕರ ತೀರ್ಪುಗ್ರಹಣ ಪ್ರಕ್ರಿಯೆಯನ್ನು ‘ಸ್ವಪಕ್ಷಾಭಿಮುಖ ನೇತ್ರವಕ್ರತಾ ಸಂಕಥನ’ದ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಿಸುತ್ತದೆ. (ಅನುಸಂಧಾನಿಸುವುದೆಂದರೆ ಏನೆಂದು ನನ್ನನ್ನು ಕೇಳಬೇಡಿ. ಎರಡು ದಿನದ ವಿಚಾರಸಂಕಿರಣದಲ್ಲಿ ಕೂತು ಬಂದವನು ನಾನು. ಅಲ್ಲಿ ಊಟಕ್ಕೆ ಏಳುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅನುಸಂಧಾನಿಸಿದರು.)

ಕ್ಷೇತ್ರಕಾರ್ಯ: ವರವು ಕಾವಲ್ ಅಂಚಿನ ಒಂದೂರು, ಜಾತ್ರೆಯ ಮಾರನೇ ರಾತ್ರಿ, ಟ್ಯೂಬ್‌ಲೈಟಿನ ಬೆಳಕು. ಕಣದಂಥ ಗಟ್ಟಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ. ಬೋನಸ್ ಸಿಗಬೇಕಾದರೆ ಎದುರು ಆರು ಜನರಾದರೂ ಇರಬೇಕು, ಒಂದು ಕಾಲು ಬೋನಸ್ ಗೆರೆ ದಾಟಿ ಊರಬೇಕು, ಹಿಂಗಾಲು ಗಾಳಿಯಲ್ಲಿರಬೇಕು. ಆದರೆ ಹತ್ತು ರೈಡ್ ಮುಗಿಯುವಷ್ಟರಲ್ಲಿ ಗೆರೆಯೇ ಇರಲಿಲ್ಲ. ಹದಿನಾಲ್ಕು ಜೊತೆ ಅಂಗಾಲು ಅದನ್ನು ಹೊತ್ತೊಯ್ದಿದ್ದವು. ಅಂಪೈರಾಗಿದ್ದ ಪಿ.ಟಿ. ಮೇಷ್ಟ್ರು ಬೋನಸ್ ಕೊಟ್ಟರು.

‘ಎಲ್ಲೈತ್ರೀ ಮೇಷ್ಟ್ರೇ ಗೆರೆ? ತೋರ್ಸ್ರಿ!’ ಅಂತ ಈ ಕಡೆ. ‘ಕಣ್ಣಿಲ್ವೇನಲೇ, ಒಂದ್ ಗೇಣು ದಾಟೈತೆ!’ ಅಂತ ಆ ಕಡೆ. ಇಲ್ಲದ ಗೆರೆಯನ್ನು ಇಬ್ಬರೂ ಕಂಡಿದ್ದರು, ಬೇರೆ ಬೇರೆ ಜಾಗದಲ್ಲಿ.

ನೇತ್ರವಕ್ರತೆಯಲ್ಲಿ ಏಳು ಪ್ರಭೇದಗಳು. ಒಂದು, ದೂರಸೂಕ್ಷ್ಮಿ: ನೂರಡಿ ಆಚೆ ಟ್ರ್ಯಾಕ್ಟರ್ ಟ್ರೈಲರ್ ಮೇಲೆ ನಿಂತವನು. ಹಿಂಗಾಲಿನ ಹೆಬ್ಬೆರಳು ಇವನೊಬ್ಬನಿಗೇ ಸ್ಪಷ್ಟ. ಎರಡು, ಅರ್ಧಸ್ಮೃತಿ: 2019ರ ಮಾರ್ಚ್ 28ರಂದು ಚಿನ್ನಸ್ವಾಮಿಯಲ್ಲಿ ಮಾಲಿಂಗನ ಕಡೇ ಎಸೆತ ನೋಬಾಲ್, ಅಂಪೈರ್ ನೋಡಲಿಲ್ಲ, ಆರ್‌ಸಿಬಿ 6 ರನ್ನಿಗೆ ಸೋತಿತು. ಇಷ್ಟೂ ಬಾಯಿಪಾಠ. ಅದರ ಹಿಂದಿನ ಓವರಿನಲ್ಲಿ ಬುಮ್ರಾನ ಚೆಂಡಿಗೆ ಕೊಟ್ಟ ವೈಡು ವೈಡೇ ಅಲ್ಲವೆಂದು ರೋಹಿತ್ ಶರ್ಮಾ ಅವತ್ತೇ ಹೇಳಿದ್ದು ಮಾತ್ರ ಮರೆತಿದೆ. ಮೂರನೆಯದು ನನ್ನ ಭಾವಮೈದ. ಉಳಿದ ನಾಲ್ಕು ಅವನ ಸ್ನೇಹಿತರು. ವರ್ಗೀಕರಣ ಸಾಕು.

ತೌಲನಿಕ ಅಧ್ಯಯನ: 2007ರ ರಗ್ಬಿ ವಿಶ್ವಕಪ್, ಕಾರ್ಡಿಫ್. ಮುಂದಕ್ಕೆ ಹೋದ ಒಂದು ಪಾಸು ರೆಫ್ರಿ ವೇಯ್ನ್ ಬಾರ್ನ್ಸ್ ಕಣ್ಣಿಗೆ ಬೀಳಲಿಲ್ಲ, ಫ್ರಾನ್ಸ್ 20–18ರಲ್ಲಿ ಗೆದ್ದಿತು. ನ್ಯೂಜಿಲೆಂಡಿನವರು ವರ್ಷಗಟ್ಟಲೆ ಆತನ ಹೆಸರು ಹಿಡಿದು ಬೈದರು. ಇನ್ನು 1951ರಲ್ಲಿ ಪ್ರಿನ್ಸ್‌ಟನ್, ಡಾರ್ಟ್‌ಮತ್ ಕಾಲೇಜುಗಳ ನಡುವಿನ ಒರಟು ಫುಟ್‌ಬಾಲ್ ಪಂದ್ಯ. ಹ್ಯಾಸ್ಟಾರ್ಫ್, ಕ್ಯಾಂಟ್ರಿಲ್ ಎಂಬಿಬ್ಬರು ಅದರ ಫಿಲ್ಮನ್ನು ಎರಡೂ ಕಡೆಯ ಹುಡುಗರಿಗೆ ತೋರಿಸಿದರು. ಡಾರ್ಟ್‌ಮತ್‌ನವರು ತಮ್ಮ ತಂಡದಲ್ಲಿ ಕಂಡ ತಪ್ಪಿನ ಎರಡು ಪಟ್ಟಿಗೂ ಹೆಚ್ಚನ್ನು ಪ್ರಿನ್ಸ್‌ಟನ್‌ನವರು ಅದೇ ತಂಡದಲ್ಲಿ ಕಂಡರು. ಫಿಲ್ಮು ಒಂದೇ.

ನಾನೂ ಕೂಗಿದೆ. ಹಿಂಗಾಲು ನೆಲದಲ್ಲೇ ಇತ್ತು, ನಾನು ಕಂಡೆ. (ರೈಡರ್ ಪಕ್ಕದೂರವನು.) ಅಷ್ಟರಲ್ಲಿ ಮೇಷ್ಟ್ರ ಕೊರಳಪಟ್ಟಿ ಯಾರದೋ ಕೈಯಲ್ಲಿತ್ತು. ಅಂಗಿಯ ಎರಡು ಗುಂಡಿ ಕಿತ್ತು ಸುಣ್ಣದಲ್ಲಿ ಬಿದ್ದವು. ಬಿಳಿ ಗುಂಡಿ, ಹುಡುಕಿದರೂ ಸಿಗಲಿಲ್ಲ.

ಸಂಕಥನ ಹಾಳಾಗಲಿ. ಮಾಸಿಹೋದ ಒಂದು ಗೆರೆಗೆ ನಲವತ್ತು ಜನ ಒಬ್ಬ ಮೇಷ್ಟ್ರ ಮೇಲೆ ಬಿದ್ದೆವು. ಮಾಸದ ಗೆರೆಯೊಂದು ಅಲ್ಲೇ ಹತ್ತಿರದಲ್ಲಿದೆ. ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಕಾವಲು, ನಮ್ಮ ಕುರಿ, ದೇವರ ಎತ್ತು ಮೇಯ್ದ ಹುಲ್ಲು. ಅದರಲ್ಲಿ 4,290 ಎಕರೆ ಡಿಆರ್‌ಡಿಒಗೆ ಹೋಯಿತು, ಸುತ್ತ ಗೋಡೆ ಎದ್ದಿತು. ಕುರಿ ಮಾರಿದವರು ಮಾರಿದರು, ಕಂಬಳಿ ಮಗ್ಗ ಬಿಟ್ಟವರು ಬಿಟ್ಟರು. ಆ ತೀರ್ಪು ಕೊಟ್ಟವರ ಕೊರಳಪಟ್ಟಿ ನಮ್ಮ ಕೈಗೆ ಎಟುಕುವ ಎತ್ತರದಲ್ಲಿರಲಿಲ್ಲ. ಕೆಲವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ನಾನು ಹೋಗಲಿಲ್ಲ. ಭಾವಮೈದನೂ ಹೋಗಲಿಲ್ಲ. ಟ್ರೈಲರ್ ಮೇಲೆ ನಿಂತು ಹೆಬ್ಬೆರಳು ಕಂಡವನಿಗೆ ಗೋಡೆ ಕಾಣಲಿಲ್ಲ. 2017ರ ಮೇ 28ರಂದು ಅಲ್ಲಿ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು.

ಮೇಷ್ಟ್ರು ಈಗ ಕಬಡ್ಡಿಗೆ ಅಂಪೈರಾಗಿ ಬರುವುದಿಲ್ಲ. ವಾಲಿಬಾಲಾದರೆ ಬರುತ್ತಾರೆ, ಕುರ್ಚಿ ಎತ್ತರದಲ್ಲಿರುತ್ತದೆ.